ನ್ಯಾಸ್ ಕೈಕೊಟ್ಟಿದೆಯಾ? ಮೊದಲು ಸ್ವಿಚ್ ಆಫ್ ಮಾಡಿ

ಕಳೆದ ಆಗಸ್ಟ್‌ನ ಒಂದು ಬೆಳಗ್ಗೆ ಸಾಗರದಿಂದ ಫೋನ್ ಬಂತು. ಅಲ್ಲಿ ಫೋಟೊ ಸ್ಟುಡಿಯೊ ಇಟ್ಟುಕೊಂಡಿರುವ ಗೆಳೆಯ, ನನಗಿಂತ ಚಿಕ್ಕವನು. "ಅಣ್ಣಾ, ಡಬ್ಬ ಕೂಗ್ತಾ ಇದೆ. ಒಂದು ಫೋಲ್ಡರೂ ತೆರೀತಾ ಇಲ್ಲ" ಅಂದ. ಅವನ ಮಾತಿನ ಹಿಂದೆ ಬೀಪ್ ಬೀಪ್ ಸದ್ದು ನನಗೂ ಕೇಳಿಸುತ್ತಿತ್ತು. ರಾತ್ರಿಯಿಡೀ ಮಳೆ ಸುರಿದು ಮೂರು ನಾಲ್ಕು ಸಲ ಕರೆಂಟ್ ಹೋಗಿ ಬಂದಿತ್ತಂತೆ. ಡಬ್ಬ ಅಂದರೆ ಅವನ ನ್ಯಾಸ್, ಹಲವು ಹಾರ್ಡ್ ಡಿಸ್ಕ್ ಇಟ್ಟು ನೆಟ್‌ವರ್ಕ್ ಮೂಲಕ ಎಲ್ಲಾ ಕಂಪ್ಯೂಟರಿಗೂ ಫೈಲ್ ಕೊಡುವ ಪೆಟ್ಟಿಗೆ. ಅದರಲ್ಲಿ ಎಂಟು ವರ್ಷದ ಮದುವೆ, ಉಪನಯನ, ಸೀಮಂತ, ಗೃಹಪ್ರವೇಶದ ಫೋಟೊಗಳಿದ್ದವು. ಎಲ್ಲಾ ಸೇರಿ ಹತ್ತಿರ ಹತ್ತಿರ 7 ಟಿಬಿ. ಅದರಲ್ಲಿ ಮೂರು ಮದುವೆಗಳ ಆಲ್ಬಮ್ ಇನ್ನೂ ಆಗಿರಲಿಲ್ಲ.

"ಏನಾದ್ರೂ ಒತ್ತಿದ್ಯಾ?" ಅಂತ ಕೇಳಿದೆ.

"ಇನ್ನೂ ಇಲ್ಲ. ರಿಪೇರಿ ಅಂತ ಒಂದು ಬಟನ್ ತೋರಿಸ್ತಾ ಇದೆ. ಒತ್ಲಾ?"

"ಬೇಡ ಮಾರಾಯ. ಆಫ್ ಮಾಡು."

ಅವನು ಆಫ್ ಮಾಡಿದ. ಫೋಟೊಗಳು ಉಳಿದದ್ದು ಬಹುಪಾಲು ಅದರಿಂದಲೇ. ನ್ಯಾಸ್ ಕೆಟ್ಟ ಕ್ಷಣದಲ್ಲಿ ಡೇಟಾ ಸಾಮಾನ್ಯವಾಗಿ ಡಿಸ್ಕ್‌ಗಳ ಮೇಲೆ ಹಾಗೇ ಇರುತ್ತದೆ. ಅದು ನಿಜವಾಗಿ ಹಾಳಾಗುವುದು ಆಮೇಲಿನ ಒಂದೆರಡು ಗಂಟೆಗಳಲ್ಲಿ, ಗಾಬರಿಯಲ್ಲಿ ನಾವೇ ಮಾಡುವ ಪ್ರಯತ್ನಗಳಿಂದ. ಹಾಗಾಗಿ ಆ ಗಂಟೆಗಳಲ್ಲಿ ಏನು ಮಾಡಬೇಕು, ಏನು ಮಾಡಬಾರದು, ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಆಫ್ ಮಾಡುವ ವಿಷಯ. ಡಬ್ಬದ ಆಡಳಿತ ಪುಟ ಬ್ರೌಸರ್‌ನಲ್ಲಿ ಇನ್ನೂ ತೆರೆಯುತ್ತಿದ್ದರೆ, ಅಲ್ಲಿ ಕಾಣುವ ಸಂದೇಶಗಳ ಫೋಟೊ ಫೋನಿನಲ್ಲಿ ತೆಗೆದುಕೊಳ್ಳಿ. ಯಾವ ಡಿಸ್ಕ್ ಕೆಂಪು, ಯಾವುದು ಹಸಿರು, ಏನು ಎಚ್ಚರಿಕೆ ಬಂದಿದೆ, ಎಲ್ಲವೂ ಬರಲಿ. ಆಮೇಲೆ ಶಟ್‌ಡೌನ್ ಮಾಡಿ. ಪುಟವೇ ತೆರೆಯದಿದ್ದರೆ ಮುಂದಿನ ಪವರ್ ಬಟನ್ ಒತ್ತಿ ಹಿಡಿದು ನಿಲ್ಲಿಸಿ. ಆನ್ ಆಫ್ ಆನ್ ಆಫ್ ಮಾಡಿ ನೋಡುವುದು ಬೇಡ. ಸೋತು ಹೋಗಿರುವ ಡಿಸ್ಕ್‌ಗೆ ಪ್ರತಿ ಸಲ ತಿರುಗಲು ಶುರು ಮಾಡುವುದೇ ಅತಿ ಕಷ್ಟದ ಹೊತ್ತು. ಹಿಂದೆ ಸೂಜಿ ತೂರುವಷ್ಟು ಸಣ್ಣ ರೀಸೆಟ್ ತೂತು ಇರುತ್ತದೆ ನೋಡಿ, ಅದರ ತಂಟೆಗೂ ಹೋಗಬೇಡಿ.

ಇನ್ನು ಡಿಸ್ಕ್‌ಗಳನ್ನು ಹೊರಗೆ ತೆಗೆಯುವ ಮೊದಲು ಪ್ರತಿಯೊಂದರ ಮೇಲೆ ಅದರ ಗೂಡಿನ ನಂಬರ್ ಬರೆಯಿರಿ. ಸಣ್ಣ ಟೇಪ್ ಅಂಟಿಸಿ ಪೆನ್ನಿನಲ್ಲಿ 1, 2, 3, 4 ಅಂತ ಬರೆದರೆ ಸಾಕು. ಜೊತೆಗೆ ಲೇಬಲ್ ಮೇಲಿನ ಸೀರಿಯಲ್ ನಂಬರಿನ ಫೋಟೊ ಇರಲಿ. ಆಮೇಲೆ ಕಂಪ್ಯೂಟರಿಗೆ ಜೋಡಿಸಿದಾಗ ಡಿಸ್ಕ್‌ಗಳ ಹೆಸರು ಅದಲು ಬದಲಾಗುತ್ತವೆ. ಸೀರಿಯಲ್ ನಂಬರ್ ಮಾತ್ರ ಬದಲಾಗುವುದಿಲ್ಲ.

ನ್ಯಾಸ್ ಅಂದರೆ ಒಳಗೆ ಏನಿದೆ ಅಂತ ಗೊತ್ತಿದ್ದರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ಅದೊಂದು ಚಿಕ್ಕ ಕಂಪ್ಯೂಟರ್. ಸಿನಾಲಜಿ, ಕ್ಯೂನ್ಯಾಪ್‌ನಂಥ ಕಂಪನಿಗಳ ಡಬ್ಬಗಳಲ್ಲಿ ಓಡುವುದು ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಮ್. ಅದರ ಕೆಳಗೆ ಹಾರ್ಡ್ ಡಿಸ್ಕ್‌ಗಳು. ಆ ಡಿಸ್ಕ್‌ಗಳನ್ನು ಒಂದೇ ದೊಡ್ಡ ಜಾಗದಂತೆ ಹೊಲಿಯುವ ರೇಯ್ಡ್ ಅನ್ನುವ ಏರ್ಪಾಡು. ಅದರ ಮೇಲೆ ಫೈಲ್ ಸಿಸ್ಟಮ್, ಅಂದರೆ ಯಾವ ಫೈಲ್ ಎಲ್ಲಿದೆ ಅಂತ ಹೇಳುವ ಲೆಕ್ಕದ ಪುಸ್ತಕ. ಈ ನಾಲ್ಕರಲ್ಲಿ ಯಾವುದು ಬೇಕಾದರೂ ಕೆಡಬಹುದು. ಹೊರಗಿನಿಂದ ನೋಡುವವರಿಗೆ ಮಾತ್ರ ಎಲ್ಲವೂ ಒಂದೇ ಥರ ಕಾಣುತ್ತದೆ: ಫೋಲ್ಡರ್ ತೆರೆಯುವುದಿಲ್ಲ.

ಡಬ್ಬವೇ ಸತ್ತಿದ್ದರೆ ಅದು ಒಳ್ಳೆ ಸುದ್ದಿ. ಲೈಟ್ ಹತ್ತುತ್ತಿಲ್ಲ, ಫ್ಯಾನ್ ತಿರುಗುತ್ತಿಲ್ಲ ಅಂದರೆ ಮೊದಲ ಅನುಮಾನ ಅಡಾಪ್ಟರ್ ಮೇಲೆ ಬರಬೇಕು. ವೋಲ್ಟೇಜ್ ಏರಿಳಿತ ಇರುವ ಊರುಗಳಲ್ಲಿ ಅಡಾಪ್ಟರ್ ಹೋಗುವುದು ಮಾಮೂಲು. ಅದೇ ವೋಲ್ಟ್, ಅದಕ್ಕೆ ಸಮ ಅಥವಾ ಹೆಚ್ಚು ಆಂಪಿಯರ್, ಅದೇ ಪಿನ್ ಇರುವ ಇನ್ನೊಂದನ್ನು ಹಾಕಿದರೆ ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ. ಮದರ್‌ಬೋರ್ಡ್ ಹೋಗುವುದೂ ಉಂಟು. 2017ರಲ್ಲಿ ಇಂಟೆಲ್‌ನ ಆ್ಯಟಮ್ ಸಿ2000 ಅನ್ನುವ ಚಿಪ್‌ನಲ್ಲಿ ಅದರ ಕೆಲಸಕ್ಕೆ ತಾಳ ಹಾಕುವ ಗಡಿಯಾರದ ಸಂಕೇತ ಕಾಲಕ್ರಮೇಣ ನಿಂತುಹೋಗುವ ದೋಷ ಇದೆ ಅಂತ ಹೊರಬಿತ್ತು. ಆ ಚಿಪ್ ಇದ್ದ ಕೆಲವು ನ್ಯಾಸ್‌ಗಳಿಗೆ ಸಿನಾಲಜಿ ವಾರಂಟಿ ಹೆಚ್ಚಿಸಿ ಕೊಟ್ಟಿತು. ಅಂಥ ಡಬ್ಬ ಒಂದು ದಿನ ಇದ್ದಕ್ಕಿದ್ದ ಹಾಗೆ ಏಳುವುದೇ ಇಲ್ಲ. ಒಳಗಿನ ಡಿಸ್ಕ್‌ಗಳಿಗೆ ಮಾತ್ರ ಏನೂ ಆಗಿರುವುದಿಲ್ಲ. ಅದೇ ಕಂಪನಿಯ ಹೊಂದುವ ಮಾಡೆಲ್‌ಗೆ ಹಾಕಿದರೆ ಬಹಳ ಸಲ ಹಾಗೇ ಎದ್ದು ಕೂರುತ್ತವೆ. ಇಲ್ಲದಿದ್ದರೆ ಲಿನಕ್ಸ್ ಇರುವ ಕಂಪ್ಯೂಟರ್‌ನಲ್ಲಿ ಓದಬಹುದು. ಆದರೆ ಹೊಸ ಡಬ್ಬ "ಡಿಸ್ಕ್‌ನ ಎಲ್ಲಾ ಡೇಟಾ ಅಳಿಸಲಾಗುವುದು" ಅಂತ ಕೇಳಿದರೆ ಅಲ್ಲೇ ನಿಲ್ಲಿ.

ಇಲ್ಲೇ ಇನ್ನೊಂದು ಅಪಾಯ ಹೇಳಿಬಿಡುತ್ತೇನೆ. ನ್ಯಾಸ್‌ನ ಡಿಸ್ಕ್ ತಂದು ವಿಂಡೋಸ್ ಕಂಪ್ಯೂಟರಿಗೆ ಜೋಡಿಸಿದರೆ ಅದಕ್ಕೆ ಲಿನಕ್ಸ್‌ನ ಫೈಲ್ ಸಿಸ್ಟಮ್ ಅರ್ಥವಾಗುವುದಿಲ್ಲ. "ಈ ಡಿಸ್ಕ್ ಬಳಸಬೇಕಾದರೆ ಫಾರ್ಮ್ಯಾಟ್ ಮಾಡಬೇಕು" ಅಥವಾ "ಇನಿಷಿಯಲೈಸ್ ಮಾಡಬೇಕು" ಅಂತ ಕೇಳುತ್ತದೆ. ಎಷ್ಟೋ ಜನ ಇಲ್ಲಿ ಸರಿ ಅಂತ ಒತ್ತಿಬಿಡುತ್ತಾರೆ. ದಯವಿಟ್ಟು ಒತ್ತಬೇಡಿ. ಕ್ಯಾನ್ಸಲ್ ಮಾಡಿ ಡಿಸ್ಕ್ ತೆಗೆದಿಡಿ.

ಈಗ ರೇಯ್ಡ್. 1988ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಅನ್ನುವ ಮೂವರು ಒಂದು ಪ್ರಬಂಧ ಬರೆದರು. ದುಬಾರಿಯ ಒಂದು ದೊಡ್ಡ ಡಿಸ್ಕ್‌ಗಿಂತ ಅಗ್ಗದ ಹಲವು ಡಿಸ್ಕ್‌ಗಳನ್ನು ಸೇರಿಸಿ ಕೆಲಸ ಮಾಡಿಸಬಹುದು ಅನ್ನುವುದು ಅವರ ವಾದ. ಅಗ್ಗದ ಡಿಸ್ಕ್ ಬೇಗ ಕೆಡುತ್ತದೆ, ಹಾಗಾಗಿ ಒಂದು ಕೆಟ್ಟರೂ ಡೇಟಾ ಉಳಿಯುವಂಥ ಲೆಕ್ಕ ಬೇಕು. ನಮ್ಮ ಸ್ಟುಡಿಯೊಗಳಲ್ಲಿ, ಆಫೀಸುಗಳಲ್ಲಿ ಜಾಸ್ತಿ ಕಾಣುವ ರೇಯ್ಡ್ 5 ಆ ಲೆಕ್ಕದ ಮೇಲೆ ನಿಂತಿದೆ.

ಲೆಕ್ಕ ತುಂಬಾ ಸರಳ. ನಾಲ್ಕು ಡಿಸ್ಕ್ ಇವೆ ಅಂದುಕೊಳ್ಳಿ. ಮೂರರಲ್ಲಿ ಡೇಟಾ, ನಾಲ್ಕನೆಯದರಲ್ಲಿ ಪ್ಯಾರಿಟಿ ಅನ್ನುವ ತಾಳೆ ಅಂಕಿ. ಮೊದಲನೆಯದರಲ್ಲಿ 1, ಎರಡನೆಯದರಲ್ಲಿ 0, ಮೂರನೆಯದರಲ್ಲಿ 1 ಇದೆ. ನಾಲ್ಕೂ ಸೇರಿ ಒಂದುಗಳ ಸಂಖ್ಯೆ ಸಮ ಆಗಿರಬೇಕು ಅನ್ನುವುದು ನಿಯಮ. ಈಗಾಗಲೇ ಎರಡು ಒಂದುಗಳಿವೆ, ಹಾಗಾಗಿ ಪ್ಯಾರಿಟಿ 0. ಈಗ ಎರಡನೇ ಡಿಸ್ಕ್ ಹೋಯಿತು. ಉಳಿದದ್ದು 1, 1, 0. ಒಂದುಗಳು ಸಮವಾಗೇ ಇವೆ. ಅಂದರೆ ಹೋದದ್ದು 0 ಆಗಿರಲೇಬೇಕು. ಸಿಕ್ಕಿತಲ್ವಾ? ಡಬ್ಬ ಇದೇ ಲೆಕ್ಕವನ್ನು ಕೋಟಿ ಕೋಟಿ ಸಲ ಮಾಡುತ್ತದೆ. ನಿಜದಲ್ಲಿ ಪ್ಯಾರಿಟಿ ಒಂದೇ ಡಿಸ್ಕ್‌ನಲ್ಲಿ ಕೂರುವುದಿಲ್ಲ, ಸರದಿಯ ಪ್ರಕಾರ ನಾಲ್ಕರ ಮೇಲೂ ಹಂಚಿಕೊಂಡಿರುತ್ತದೆ.

ಒಂದು ಡಿಸ್ಕ್ ಹೋದರೆ ಲೆಕ್ಕ ಹೀಗೆ ಕೈ ಹಿಡಿಯುತ್ತದೆ. ಎರಡು ಹೋದರೆ ಎರಡು ಅಂಕಿ ಗೊತ್ತಿಲ್ಲ, ಸುಳಿವು ಒಂದೇ. ಲೆಕ್ಕ ಬಿಡುವುದಿಲ್ಲ. ಆಗ ಡಬ್ಬ ಎಲ್ಲವನ್ನೂ ನಿಲ್ಲಿಸಿ ಕೂಗಲು ಶುರು ಮಾಡುತ್ತದೆ. ರೇಯ್ಡ್ 6 ಆದರೆ ಎರಡು ಹೋದರೂ ತಡೆಯುತ್ತದೆ. ರೇಯ್ಡ್ 1 ಅಂದರೆ ಎರಡು ಡಿಸ್ಕ್‌ನಲ್ಲಿ ಒಂದೇ ಪ್ರತಿ, ಅದರಲ್ಲಿ ಒಂದು ಉಳಿದರೂ ಸಾಕು. ರೇಯ್ಡ್ 0ದಲ್ಲಿ ತಾಳೆ ಅಂಕಿಯೇ ಇಲ್ಲ. ಒಂದು ಹೋದರೆ ಎಲ್ಲವೂ ಹೋದ ಹಾಗೆ.

ಸಾಗರದ ಡಬ್ಬದಲ್ಲಿ 4 ಟಿಬಿಯ ನಾಲ್ಕು ಡಿಸ್ಕ್, ರೇಯ್ಡ್ 5. ಎರಡನೆಯದು ಮತ್ತು ನಾಲ್ಕನೆಯದು ರೇಯ್ಡ್ ಗುಂಪಿನಿಂದ ಹೊರಗೆ ಬಿದ್ದಿದ್ದವು. ಊರಿನ ಕಂಪ್ಯೂಟರ್ ಅಂಗಡಿಯೊಂದರಲ್ಲಿ "ಎರಡು ಹೋಗಿದೆ ಸರ್, ಇನ್ನು ಆಸೆ ಬಿಡಿ, ಹೊಸ ಡಿಸ್ಕ್ ಹಾಕಿ ಮೊದಲಿಂದ ಶುರು ಮಾಡಿ" ಅಂದರಂತೆ. ಹಾಗೆ ಮಾಡಿದ್ದರೆ ಕಥೆ ಅಲ್ಲಿಗೇ ಮುಗಿದಿರುತ್ತಿತ್ತು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ರೇಯ್ಡ್‌ನಿಂದ ಹೊರಗೆ ಬಿದ್ದ ಡಿಸ್ಕ್ ಸತ್ತೇ ಹೋಗಿದೆ ಅಂತ ತಿಳಿಯಬೇಡಿ. ಒಂದು ಜಾಗ ಓದಲು ಕಷ್ಟವಾದಾಗ ಸಾಮಾನ್ಯ ಡೆಸ್ಕ್‌ಟಾಪ್ ಡಿಸ್ಕ್ ಪಟ್ಟು ಬಿಡದೆ ಒಂದೆರಡು ನಿಮಿಷವೂ ಪ್ರಯತ್ನ ಮಾಡುತ್ತಲೇ ಇರಬಹುದು. ನ್ಯಾಸ್‌ಗೆಂದೇ ಮಾಡಿದ ಡಿಸ್ಕ್ ಸುಮಾರು 7 ಸೆಕೆಂಡ್ ನೋಡಿ "ಆಗಲಿಲ್ಲ" ಅಂತ ಹೇಳಿಬಿಡುತ್ತದೆ. ಲಿನಕ್ಸ್ ಮಾಮೂಲಾಗಿ ಕಾಯುವುದು 30 ಸೆಕೆಂಡ್. ಅಷ್ಟರೊಳಗೆ ಉತ್ತರ ಬರಲಿಲ್ಲ ಅಂದರೆ ಡಿಸ್ಕ್ ಕೈಬಿಟ್ಟಿತು ಅಂದುಕೊಂಡು ಹೊರಗೆ ತಳ್ಳುತ್ತದೆ. ಸಡಿಲವಾದ ಕೇಬಲ್, ಕರೆಂಟಿನ ಒಂದು ಕುಲುಕಾಟ, ಹತ್ತಿಪ್ಪತ್ತು ಕೆಟ್ಟ ಸೆಕ್ಟರ್ (ಡಿಸ್ಕ್ ಮೇಲಿನ ಅತಿ ಸಣ್ಣ ತುಂಡು ಜಾಗ), ಇಷ್ಟು ಸಾಕು. 4 ಟಿಬಿಯಲ್ಲಿ ಸಾಸಿವೆ ಕಾಳಿನಷ್ಟು ಜಾಗ ಕೆಟ್ಟಿದ್ದಕ್ಕೆ ಇಡೀ ಡಿಸ್ಕ್ ಹೊರಗೆ.

ಹಾಗಾದರೆ ಎರಡರಲ್ಲಿ ಯಾವುದನ್ನು ನಂಬಬೇಕು? ಇದಕ್ಕೆ ಲಿನಕ್ಸ್‌ನ ರೇಯ್ಡ್ ಒಂದು ಒಳ್ಳೆಯ ಗುರುತು ಇಟ್ಟಿರುತ್ತದೆ. ಪ್ರತಿ ಡಿಸ್ಕ್‌ನ ಮೇಲೂ ಒಂದು ಸಣ್ಣ ಚೀಟಿ ಇದೆ, ಸೂಪರ್‌ಬ್ಲಾಕ್ ಅಂತ. ಅದರಲ್ಲಿ ಈ ಡಿಸ್ಕ್ ಯಾವ ಗುಂಪಿನದು, ಗುಂಪಿನಲ್ಲಿ ಎಷ್ಟನೆಯದು, ಕೊನೆಗೆ ಯಾವಾಗ ಬರೆದದ್ದು ಅಂತ ಇರುತ್ತದೆ. ಜೊತೆಗೆ ಈವೆಂಟ್ ಕೌಂಟ್ ಅನ್ನುವ ಒಂದು ಎಣಿಕೆ. ಗುಂಪಿನಲ್ಲಿ ಬದಲಾವಣೆ ಆದಂತೆಲ್ಲಾ ಅದು ಏರುತ್ತಾ ಹೋಗುತ್ತದೆ. ಹೊರಗೆ ಬಿದ್ದ ಡಿಸ್ಕ್‌ನ ಎಣಿಕೆ ಬಿದ್ದ ದಿನಕ್ಕೆ ನಿಂತುಬಿಡುತ್ತದೆ. ಎಮ್‌ಡಿಆ್ಯಡಮ್ ಅನ್ನುವ ಲಿನಕ್ಸ್ ಸಾಧನದಲ್ಲಿ 'ಎಗ್ಸಾಮಿನ್' ಅಂತ ಕೇಳಿದರೆ ಇದನ್ನೆಲ್ಲಾ ತೋರಿಸುತ್ತದೆ. ಬರೀ ಓದುತ್ತದೆ, ಏನನ್ನೂ ಬರೆಯುವುದಿಲ್ಲ.

ನಾವು ನೋಡಿದಾಗ ಒಂದು ಮತ್ತು ಮೂರನೇ ಡಿಸ್ಕ್‌ನಲ್ಲಿ ಎಣಿಕೆ 91,870 ಇತ್ತು. ನಾಲ್ಕನೆಯದರಲ್ಲಿ 91,862. ಎರಡನೆಯದರಲ್ಲಿ 48,211, ಕೊನೆಗೆ ಬರೆದದ್ದು ಮೇ ತಿಂಗಳಲ್ಲಿ. ಎಲ್ಲಾ ಗೊತ್ತಾಗಿಹೋಯಿತು. ಎರಡನೇ ಡಿಸ್ಕ್ ಬೇಸಿಗೆಯಲ್ಲೇ ಹೊರಗೆ ಬಿದ್ದಿತ್ತು. ಆಗಲೂ ಡಬ್ಬ ಕೂಗಿತ್ತು. ಸ್ಟುಡಿಯೊದ ಹುಡುಗ ಯಾರೋ ಸದ್ದು ನಿಲ್ಲಿಸಿದ್ದ, ಫೋಲ್ಡರ್ ತೆರೆಯುತ್ತಿದ್ದರಿಂದ ಎಲ್ಲರೂ ಸುಮ್ನೆ ಇದ್ದರು. ಮೂರು ತಿಂಗಳು ಆ ಡಬ್ಬ ಒಂಟಿ ಕಾಲಿನಲ್ಲಿ ನಿಂತಿತ್ತು. ಆಗಸ್ಟ್‌ನ ಆ ರಾತ್ರಿ ನಾಲ್ಕನೆಯದೂ ಬಿತ್ತು.

ನಾಲ್ಕನೇ ಡಿಸ್ಕ್‌ನ ಎಣಿಕೆಗೂ ಉಳಿದವಕ್ಕೂ ಇದ್ದ ಅಂತರ ಬರೀ ಎಂಟು. ಅಂದರೆ ಅದರ ಡೇಟಾ ಹೆಚ್ಚುಕಮ್ಮಿ ಕೊನೆಯ ಕ್ಷಣದ್ದು. ಒಂದು, ಮೂರು, ನಾಲ್ಕು ಸೇರಿಸಿದರೆ ರೇಯ್ಡ್ 5ಕ್ಕೆ ಬೇಕಾದ ಮೂರು ಡಿಸ್ಕ್ ಆಯಿತು. ಎರಡನೆಯದನ್ನು ಮಾತ್ರ ಈ ಜೋಡಣೆಗೆ ಸೇರಿಸಬಾರದು. ಅದರಲ್ಲಿರುವುದು ಮೇ ತಿಂಗಳ ಅಂಕಿಗಳು. ಆಗಸ್ಟ್‌ನ ಅಂಕಿಗಳ ಜೊತೆ ಅವನ್ನು ಕೂಡಿಸಿದರೆ ಹೊಸ ಫೈಲ್‌ಗಳೂ ಫೈಲ್ ಸಿಸ್ಟಮ್‌ನ ಲೆಕ್ಕವೂ ಕಲಸು ಮೇಲೋಗರ ಆಗುತ್ತವೆ. ರಿಪೇರಿ ಬಟನ್ ಒತ್ತುವ ಮೊದಲು ಈ ಎಣಿಕೆ ನೋಡಬೇಕು ಅನ್ನುವುದು ಅದಕ್ಕೇ.

ಆದರೂ ಅವನ್ನು ತಕ್ಷಣ ಸೇರಿಸಲಿಲ್ಲ. ಮೊದಲು ನಕಲು. ಡೇಟಾ ರಿಕವರಿ ಕೆಲಸದಲ್ಲಿ ಇರುವವರೆಲ್ಲಾ ಮೊದಲು ಮಾಡುವುದು ಇದನ್ನೇ. ಪ್ರತಿ ಡಿಸ್ಕ್‌ನ ಮೊದಲ ಸೆಕ್ಟರ್‌ನಿಂದ ಕೊನೆಯ ಸೆಕ್ಟರ್‌ವರೆಗೆ ಇದ್ದದ್ದು ಇದ್ದ ಹಾಗೆ ಇಮೇಜ್ ಮಾಡಿ ಇಡುತ್ತಾರೆ. ಆಮೇಲಿನ ಎಲ್ಲಾ ಪ್ರಯೋಗ ಆ ಇಮೇಜ್ ಮೇಲೆ. ತಪ್ಪಾದರೆ ಮತ್ತೊಮ್ಮೆ ಶುರು ಮಾಡಬಹುದು. ಮೂಲ ಡಿಸ್ಕ್ ಮೇಲೆ ತಪ್ಪಾದರೆ ಹಾಗಲ್ಲ, ಅದು ಒಂದೇ ಇರುವುದು.

ಸುಮ್ನೆ ಫೈಲ್ ಕಾಪಿ ಮಾಡುವ ಸಾಧನದಿಂದ ಇದು ಆಗುವುದಿಲ್ಲ. ಅದು ಕೆಟ್ಟ ಸೆಕ್ಟರ್ ಸಿಕ್ಕ ಕಡೆ ತಡವರಿಸಿ ನಿಲ್ಲುತ್ತದೆ. ಇದಕ್ಕೆಂದೇ ಗ್ನೂ ಡಿಡಿರೆಸ್ಕ್ಯೂ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಬರೆದವರು ಆಂಟೊನಿಯೊ ಡಿಯಾಜ್ ಡಿಯಾಜ್. ಅದು ಕೆಲಸ ಮಾಡುವ ಕ್ರಮ ನನಗೆ ತುಂಬಾ ಇಷ್ಟ. ಮೊದಲ ಸುತ್ತಿನಲ್ಲಿ ಸಲೀಸಾಗಿ ಓದಲು ಬರುವ ಜಾಗವನ್ನೆಲ್ಲಾ ಓದಿಕೊಳ್ಳುತ್ತದೆ. ತೊಡಕು ಬಂದ ಕಡೆ ಹಠ ಮಾಡದೆ ದಾಟಿ ಮುಂದೆ ಹೋಗುತ್ತದೆ. ಡಿಸ್ಕ್ ಇನ್ನೆಷ್ಟು ಹೊತ್ತು ಬದುಕಿರುತ್ತದೋ ಗೊತ್ತಿಲ್ಲ, ಹಾಗಾಗಿ ಸುಲಭವಾಗಿ ಸಿಗುವುದನ್ನು ಮೊದಲು ಬಾಚಿಕೊಳ್ಳುವುದು. ಎಲ್ಲಾ ಮುಗಿದ ಮೇಲೆ ಬಿಟ್ಟುಬಂದ ಕಡೆಗೆ ಮರಳಿ, ಸ್ವಲ್ಪ ಸ್ವಲ್ಪವೇ ಕೆರೆದು ತೆಗೆಯುತ್ತದೆ. ಎಲ್ಲಿ ಓದಿ ಆಯಿತು, ಎಲ್ಲಿ ಆಗಲಿಲ್ಲ ಅಂತ ಮ್ಯಾಪ್ ಫೈಲ್ ಒಂದರಲ್ಲಿ ಬರೆದಿಡುತ್ತದೆ. ನಡುವೆ ಕರೆಂಟ್ ಹೋದರೂ ಆ ಮ್ಯಾಪ್ ಇದ್ದರೆ ನಿಂತಲ್ಲಿಂದ ಮುಂದುವರಿಯುತ್ತದೆ. ಅದಕ್ಕೇ ಮ್ಯಾಪ್ ಫೈಲ್ ಇಡದೆ ಇದನ್ನು ಓಡಿಸಬೇಡಿ. ಮತ್ತೆ, ಯಾವುದು ಮೂಲ ಡಿಸ್ಕ್, ಯಾವುದು ಖಾಲಿ ಡಿಸ್ಕ್ ಅಂತ ಸೀರಿಯಲ್ ನಂಬರ್ ನೋಡಿ ಎರಡು ಸಲ ಖಾತ್ರಿ ಮಾಡಿಕೊಳ್ಳಿ. ಇವೆರಡು ಅದಲು ಬದಲಾದರೆ ಖಾಲಿ ಡಿಸ್ಕ್ ನಿಮ್ಮ ಡೇಟಾದ ಮೇಲೆ ನಕಲಾಗುತ್ತದೆ.

ಜಾಗ, ಸಮಯ ಎರಡೂ ಬೇಕಾಗುತ್ತವೆ. 4 ಟಿಬಿಯ ನಾಲ್ಕು ಇಮೇಜ್‌ಗೆ ನಾವು 18 ಟಿಬಿಯ ಒಂದು ಡಿಸ್ಕ್ ತಂದೆವು. ಒಳ್ಳೆಯ ಸ್ಥಿತಿಯ 4 ಟಿಬಿ ಡಿಸ್ಕ್ ಸೆಕೆಂಡಿಗೆ ಸರಾಸರಿ 150 ಎಂಬಿ ಓದಿದರೆ ಏಳೂವರೆ ಗಂಟೆ ಬೇಕು. ಹಳೆಯ ಯುಎಸ್‌ಬಿ 2 ಕೇಬಲ್‌ನಲ್ಲಿ ಜೋಡಿಸಿದರೆ ಅದೇ ಕೆಲಸಕ್ಕೆ ಒಂದೂವರೆ ದಿನ. ಆದಷ್ಟು ಕಂಪ್ಯೂಟರಿನ ಸಾಟಾ ಕೇಬಲ್‌ಗೇ ನೇರ ಜೋಡಿಸಿ. ಕೆಲವು ಅಗ್ಗದ ಯುಎಸ್‌ಬಿ ಡಾಕ್‌ಗಳು ಸೆಕ್ಟರ್ ಅಳತೆಯನ್ನೇ ಬೇರೆ ಥರ ತೋರಿಸಿ ಗೊಂದಲ ಮಾಡುತ್ತವೆ. ಡಿಸ್ಕ್ ಬಿಸಿ ಆಗದ ಹಾಗೆ ಪಕ್ಕದಲ್ಲಿ ಒಂದು ಟೇಬಲ್ ಫ್ಯಾನ್ ಇಡಿ. ಯುಪಿಎಸ್ ಇರಲೇಬೇಕು.

ನಮ್ಮ ಒಂದು ಮತ್ತು ಮೂರನೇ ಡಿಸ್ಕ್ ಒಂದೂ ತಪ್ಪಿಲ್ಲದೆ ಬಂದವು. ನಾಲ್ಕನೆಯದು ಶೇಕಡ 61ರ ಹತ್ತಿರ ಬಂದು ನಿಧಾನವಾಯಿತು. ಪರದೆಯ ಮೇಲೆ ವೇಗ ಸೆಕೆಂಡಿಗೆ 140 ಎಂಬಿಯಿಂದ ಕೆಲವೇ ಕೆಬಿಗೆ ಇಳಿದದ್ದು ನೋಡಿ ಗೆಳೆಯನ ಮುಖ ಸಣ್ಣಗಾಯಿತು. ಡಿಡಿರೆಸ್ಕ್ಯೂ ಆ ಜಾಗ ಹಾರಿ ಮುಂದೆ ಹೋಯಿತು. ರಾತ್ರಿ ಹನ್ನೊಂದಕ್ಕೆ ಮೊದಲ ಸುತ್ತು ಮುಗಿಯಿತು. ಬಿಟ್ಟುಹೋದ ಜಾಗವನ್ನು ಕೆರೆಯಲು ಮರುದಿನ ಮಧ್ಯಾಹ್ನದವರೆಗೆ ಹಿಡಿಯಿತು. ಕೊನೆಗೆ ಓದಲಾಗದೆ ಉಳಿದದ್ದು 3 ಎಂಬಿಯಷ್ಟು ಮಾತ್ರ.

ನಕಲು ಕೈಗೆ ಬಂದ ಮೇಲೆ ಜೋಡಿಸುವ ಕೆಲಸ. ಇಲ್ಲಿ ಎಮ್‌ಡಿಆ್ಯಡಮ್‌ನ ಎರಡು ಆಜ್ಞೆಗಳ ವ್ಯತ್ಯಾಸ ಗೊತ್ತಿರಬೇಕು. 'ಅಸೆಂಬಲ್' ಅಂದರೆ ಇರುವ ಚೀಟಿಗಳನ್ನು ಓದಿ ಗುಂಪನ್ನು ಮತ್ತೆ ಕೂಡಿಸು ಅಂತ. 'ಕ್ರಿಯೇಟ್' ಅಂದರೆ ಹಳೆಯ ಚೀಟಿ ಅಳಿಸಿ ಹೊಸದು ಬರೆ ಅಂತ. ಇಂಟರ್ನೆಟ್‌ನಲ್ಲಿ ಯಾರೋ ಹೇಳಿದರು ಅಂತ 'ಕ್ರಿಯೇಟ್' ಕೊಟ್ಟರೆ ಎಣಿಕೆ, ಡಿಸ್ಕ್‌ಗಳ ಕ್ರಮ, ಎಲ್ಲಾ ಸುಳಿವೂ ಹೋಗುತ್ತದೆ. ಅಂಥ ಕೇಸುಗಳೇ ಆಮೇಲೆ ಅತಿ ಕಷ್ಟ. ನಾವು ಒಂದು, ಮೂರು, ನಾಲ್ಕರ ಇಮೇಜ್‌ಗಳನ್ನು 'ಅಸೆಂಬಲ್' ಮಾಡಿದೆವು. ನಾಲ್ಕರ ಎಣಿಕೆ ಸ್ವಲ್ಪ ಹಿಂದಿದ್ದದ್ದರಿಂದ 'ಫೋರ್ಸ್' ಕೊಡಬೇಕಾಯಿತು. ಫೋರ್ಸ್ ಕೊಟ್ಟರೆ ಚೀಟಿಯನ್ನು ತಿದ್ದಿ ಬರೆಯುತ್ತದೆ. ನಕಲಿನ ಮೇಲೆ ಆದ್ದರಿಂದ ಹೆದರಿಕೆ ಇರಲಿಲ್ಲ. ಇಮೇಜನ್ನೂ ಮುಟ್ಟಬಾರದು ಅನ್ನುವವರು ಅದರ ಮೇಲೆ ಓವರ್‌ಲೇ ಹಾಸುತ್ತಾರೆ. ಆಗ ಬರೆಯುವುದೆಲ್ಲಾ ಬೇರೊಂದು ಸಣ್ಣ ಫೈಲಿಗೆ ಹೋಗುತ್ತದೆ, ಇಮೇಜ್ ಇದ್ದ ಹಾಗೇ ಇರುತ್ತದೆ. ಅಕ್ಕಿ ಹಿಟ್ಟಿನ ರಂಗೋಲಿಯ ಮೇಲೆ ಗಾಜು ಇಟ್ಟು, ಗಾಜಿನ ಮೇಲೆ ಬಣ್ಣ ಹಾಕಿ ನೋಡಿದ ಹಾಗೆ.

ಫೈಲ್ ಸಿಸ್ಟಮ್ ತೆರೆಯುವಾಗ ಓದಲು ಮಾತ್ರ ಅಂತ ಹೇಳಿಯೇ ತೆರೆಯಬೇಕು. ಅದೂ ಸಾಕಾಗುವುದಿಲ್ಲ. ಇಎಕ್ಸ್‌ಟಿ4 ಅನ್ನುವ ಫೈಲ್ ಸಿಸ್ಟಮ್‌ಗೆ ಜರ್ನಲ್ ಅಂತ ಒಂದು ಕಚ್ಚಾ ಪುಸ್ತಕ ಇದೆ. ಓದಲು ಮಾತ್ರ ಅಂದರೂ ಅದು ತೆರೆಯುವಾಗ ಕಚ್ಚಾ ಪುಸ್ತಕದಲ್ಲಿ ಬಾಕಿ ಇರುವುದನ್ನು ಡಿಸ್ಕ್‌ಗೆ ಬರೆದುಬಿಡಬಹುದು. 'ನೋಲೋಡ್' ಅಂತ ಸೇರಿಸಿದರೆ ಅದನ್ನು ಬಿಟ್ಟು ತೆರೆಯುತ್ತದೆ. ಎಕ್ಸ್‌ಎಫ್‌ಎಸ್ ಅನ್ನುವ ಇನ್ನೊಂದು ಫೈಲ್ ಸಿಸ್ಟಮ್‌ನಲ್ಲಿ ಅದಕ್ಕೆ 'ನೋರಿಕವರಿ' ಅನ್ನುತ್ತಾರೆ. ಬಿಟಿಆರ್‌ಎಫ್‌ಎಸ್ ಆದರೆ ತೆರೆಯಲೇ ಆಗದಿದ್ದಾಗಲೂ ಫೈಲ್‌ಗಳನ್ನು ಎಳೆದು ಬೇರೆ ಡಿಸ್ಕ್‌ಗೆ ಹಾಕುವ 'ರಿಸ್ಟೋರ್' ಸೌಲಭ್ಯ ಇದೆ. ಫೈಲ್ ಸಿಸ್ಟಮ್ ಸರಿಪಡಿಸುವ ಎಫ್‌ಎಸ್‌ಸಿಕೆ ಅನ್ನು ಮಾತ್ರ ಮೊದಲೇ ಓಡಿಸಬೇಡಿ. ಅದರ ಕೆಲಸ ಲೆಕ್ಕದ ಪುಸ್ತಕ ತಾಳೆ ಮಾಡುವುದು. ತಾಳೆಯಾಗದ ನಿಮ್ಮ ಫೈಲ್ ಅನ್ನು ಹರಿದು ಎಸೆಯಲು ಅದು ಹಿಂದೆ ಮುಂದೆ ನೋಡುವುದಿಲ್ಲ. ರೇಯ್ಡ್ ತಪ್ಪಾಗಿ ಜೋಡಿಸಿದ್ದಾಗ ಇದನ್ನು ಓಡಿಸಿದರೆ ಅನಾಹುತ.

ಜೋಡಣೆ ಸರಿಯಾಗಿದೆಯಾ ಅಂತ ತಿಳಿಯಲು ಒಂದು ಸುಲಭದ ಪರೀಕ್ಷೆ ಇದೆ. ರೇಯ್ಡ್ ಡೇಟಾವನ್ನು ತುಂಡು ತುಂಡಾಗಿ ಡಿಸ್ಕ್‌ಗಳ ಮೇಲೆ ಹರಡುತ್ತದೆ. ಒಂದೊಂದು ತುಂಡು ಸಾಮಾನ್ಯವಾಗಿ 64 ಕೆಬಿ ಅಥವಾ 512 ಕೆಬಿ. 64 ಕೆಬಿಯ ಲೆಕ್ಕದಲ್ಲಿ 6 ಎಂಬಿಯ ಒಂದು ಫೋಟೊ 96 ತುಂಡುಗಳಾಗಿ ಹಂಚಿಹೋಗಿರುತ್ತದೆ. ಕ್ರಮ ತಪ್ಪಿದ್ದರೆ ಫೋಲ್ಡರ್ ಹೆಸರುಗಳು ಸರಿಯಾಗೇ ಕಾಣಬಹುದು, ಸಣ್ಣ ಫೈಲ್‌ಗಳು ತೆರೆಯಲೂಬಹುದು. ದೊಡ್ಡ ಫೋಟೊ ಮಾತ್ರ ಮೇಲಿನ ಒಂದು ಪಟ್ಟಿ ಸರಿ ಕಂಡು ಕೆಳಗೆಲ್ಲಾ ಬೂದು ಬಣ್ಣ ಅಥವಾ ಬಣ್ಣದ ಚೂರು ಚೂರಾಗಿ ಬರುತ್ತದೆ. ಅದಕ್ಕೆ ಯಾವಾಗಲೂ ದೊಡ್ಡ ಫೈಲ್ ತೆರೆದು ನೋಡಬೇಕು. ನಾವು ತೆರೆದ ಮೊದಲ ಫೋಟೊದಲ್ಲಿ ಧಾರೆ ಎರೆಯುವ ಹೊತ್ತು. ತೆಂಗಿನಕಾಯಿ ಹಿಡಿದ ಕೈಗಳು, ಮೇಲಿಂದ ಬೀಳುತ್ತಿರುವ ಹಾಲಿನ ಧಾರೆ, ಹಿಂದೆ ಕಣ್ಣೊರೆಸಿಕೊಳ್ಳುತ್ತಿರುವ ಹುಡುಗಿಯ ಅಮ್ಮ. ಪೂರ್ತಿ ಸ್ಪಷ್ಟವಾಗಿತ್ತು.

ಇಷ್ಟೆಲ್ಲಾ ಯಾಕೆ, ಹೊಸ ಡಿಸ್ಕ್ ಹಾಕಿ ರೀಬಿಲ್ಡ್ ಮಾಡಿದರೆ ಆಗದಾ ಅಂತ ಕೇಳುವವರು ಜಾಸ್ತಿ. ಒಂದೇ ಡಿಸ್ಕ್ ಹೋಗಿದ್ದು, ಉಳಿದವು ಗಟ್ಟಿ ಇದ್ದು, ಬ್ಯಾಕಪ್ ಕೈಯಲ್ಲಿದ್ದರೆ ಆಗುತ್ತದೆ. ಬ್ಯಾಕಪ್ ಇಲ್ಲದಿದ್ದರೆ ಯೋಚನೆ ಮಾಡಿ. ರೀಬಿಲ್ಡ್ ಅಂದರೆ ಹೋದ ಡಿಸ್ಕ್‌ನಲ್ಲಿದ್ದದ್ದನ್ನು ಲೆಕ್ಕ ಹಾಕಿ ಹೊಸದಕ್ಕೆ ಬರೆಯುವುದು. ಅದಕ್ಕೆ ಉಳಿದ ಎಲ್ಲಾ ಡಿಸ್ಕ್‌ಗಳನ್ನು ಮೊದಲಿಂದ ಕೊನೆವರೆಗೆ ಓದಬೇಕು. ನಮ್ಮ ಡಬ್ಬದಲ್ಲಿ ಅದು ಮೂರು ಡಿಸ್ಕ್, 12 ಟಿಬಿ. ಸಾಮಾನ್ಯ ಡಿಸ್ಕ್‌ಗಳ ವಿವರ ಹಾಳೆಯಲ್ಲಿ, ಓದಲಾಗದ ತಪ್ಪು ಹತ್ತರ ಹದಿನಾಲ್ಕನೇ ಘಾತದಷ್ಟು ಬಿಟ್‌ಗೆ ಒಂದಕ್ಕಿಂತ ಕಡಿಮೆ ಅಂತ ಬರೆದಿರುತ್ತಾರೆ. ಅದು ಲೆಕ್ಕಕ್ಕೆ 12.5 ಟಿಬಿ ಓದಿದರೆ ಒಂದು ತಪ್ಪು. ಹೆಚ್ಚಿನ ಡಿಸ್ಕ್‌ಗಳು ಅದಕ್ಕಿಂತ ಚೆನ್ನಾಗೇ ನಡೆಯುತ್ತವೆ, ನಿಜ. ಆದರೆ ಒಟ್ಟಿಗೆ ಕೊಂಡ ನಾಲ್ಕು ಡಿಸ್ಕ್ ಒಂದೇ ವಯಸ್ಸಿನವು, ಒಂದೇ ಬಿಸಿಲು, ಒಂದೇ ಕರೆಂಟ್ ಕಂಡವು. ಒಂದು ಹೋದಾಗ ಇನ್ನೊಂದೂ ಹತ್ತಿರದಲ್ಲೇ ಇರಬಹುದು. ಆಗ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬಿಡುವಿಲ್ಲದೆ ದುಡಿಸಿದರೆ? ಡೇಟಾದ ಸಾಲುಗಳನ್ನು ಒಂದರ ಮೇಲೊಂದು ಹೊದಿಸಿ ಬರೆಯುವ ಎಸ್‌ಎಂಆರ್ ಥರದ ಡಿಸ್ಕ್ ಆದರೆ ರೀಬಿಲ್ಡ್ ಇನ್ನೂ ನಿಧಾನ. 2020ರಲ್ಲಿ ವೆಸ್ಟರ್ನ್ ಡಿಜಿಟಲ್ ತನ್ನ ನ್ಯಾಸ್ ಡಿಸ್ಕ್‌ಗಳಾದ ರೆಡ್ ಸಾಲಿನ 2ರಿಂದ 6 ಟಿಬಿಯ ಕೆಲವು ಮಾಡೆಲ್‌ಗಳಲ್ಲಿ ಈ ವಿಧಾನ ಇದೆ ಅಂತ ಒಪ್ಪಿಕೊಂಡಾಗ ಬಳಕೆದಾರರು ಸಿಟ್ಟಾದದ್ದು ಇದಕ್ಕೇ. ಮೊದಲು ಮುಖ್ಯ ಫೈಲ್‌ಗಳನ್ನು ಹೊರಗೆ ಕಾಪಿ ಮಾಡಿಕೊಳ್ಳಿ, ರೀಬಿಲ್ಡ್ ಆಮೇಲೆ.

ಇನ್ನು ಮನೆಯಲ್ಲಿ ಮಾಡಲೇಬಾರದ ಕೇಸು. ಡಿಸ್ಕ್ ಟಿಕ್ ಟಿಕ್ ಅಂತ ಬಡಿಯುತ್ತಿದೆ, ಕಿರ್ ಅಂತ ಉಜ್ಜುತ್ತಿದೆ, ತಿರುಗಲು ಹೋಗಿ ನಿಲ್ಲುತ್ತಿದೆ, ಬಿದ್ದಿದೆ ಅಥವಾ ನೀರು ಹೊಕ್ಕಿದೆ ಅಂದರೆ ಮತ್ತೊಮ್ಮೆ ಆನ್ ಮಾಡಬೇಡಿ. ಒಳಗಿನ ಓದುವ ತಲೆ ತಟ್ಟೆಯ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ನಮ್ಮ ಕೂದಲಿನ ದಪ್ಪ ಅದರ ಸಾವಿರಾರು ಪಟ್ಟು. ಆ ತಲೆ ತಟ್ಟೆಗೆ ತಗಲಿದರೆ ನಿಮಿಷಕ್ಕೆ 5,400 ಅಥವಾ 7,200 ಸುತ್ತು ತಿರುಗುವ ತಟ್ಟೆಯ ಮೇಲಿನ ಪದರ ಕೆತ್ತಿಹೋಗುತ್ತದೆ. ಕೆತ್ತಿಹೋದದ್ದನ್ನು ಯಾರೂ ವಾಪಸ್ ತರಲಾರರು. ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಅನ್ನುವುದನ್ನು ನಂಬಬೇಡಿ. ಹೊರಗೆ ತೆಗೆದಾಗ ಹನಿ ಕೂತು ಇನ್ನೂ ಹಾಳಾಗುತ್ತದೆ. ಮುಚ್ಚಳ ಬಿಚ್ಚಿ ನೋಡುವುದಂತೂ ಬೇಡವೇ ಬೇಡ. ಅದೇ ಮಾಡೆಲ್‌ನ ಇನ್ನೊಂದು ಡಿಸ್ಕ್‌ನ ಹಸಿರು ಬೋರ್ಡ್ ತೆಗೆದು ಹಾಕುವುದೂ ಈಗ ಸುಮ್ಮನೆ ಆಗುವುದಿಲ್ಲ. ಪ್ರತಿ ಡಿಸ್ಕ್‌ಗೂ ಅದರದೇ ಹೊಂದಾಣಿಕೆಯ ಅಂಕಿಗಳು ಬೋರ್ಡಿನ ಚಿಪ್‌ನಲ್ಲಿರುತ್ತವೆ, ಆ ಚಿಪ್ಪನ್ನೂ ದಾಟಿಸಬೇಕು.

ಇಂಥವನ್ನು ಧೂಳಿಲ್ಲದ ಕ್ಲೀನ್ ರೂಮ್ ಇರುವ ಲ್ಯಾಬಿಗೆ ಕೊಡಬೇಕು. ಕೊಡುವ ಮೊದಲು ಕೇಳಿ: ಮೊದಲು ಇಮೇಜ್ ಮಾಡುತ್ತೀರಾ? ಡಿಸ್ಕ್ ಬಿಚ್ಚುವ ಮುಂಚೆ ನನ್ನನ್ನು ಕೇಳುತ್ತೀರಾ? ಡೇಟಾ ಸಿಗದಿದ್ದರೆ ಎಷ್ಟು ಕೊಡಬೇಕು? ಸಿಕ್ಕ ಫೈಲ್‌ಗಳ ಪಟ್ಟಿಯನ್ನು ದುಡ್ಡು ಕೊಡುವ ಮೊದಲು ತೋರಿಸುತ್ತೀರಾ? ಉತ್ತರಗಳನ್ನು ಬರೆಸಿಕೊಳ್ಳಿ. ರೇಯ್ಡ್ ಆದರೆ ಎಲ್ಲಾ ಡಿಸ್ಕ್‌ಗಳನ್ನೂ ಕೊಡಿ, ಹಳೆಯದಾಗಿ ಹೊರಗೆ ಬಿದ್ದದ್ದನ್ನೂ ಸೇರಿಸಿ. ಅದು ಹೊರಬಿದ್ದ ಮೇಲೆ ಬದಲಾಗದ ಜಾಗಗಳಲ್ಲಿ ಅದರ ಅಂಕಿ ಈಗಲೂ ಸರಿಯೇ. ಬೇರೆ ಡಿಸ್ಕ್‌ನ ಕೆಟ್ಟ ಸೆಕ್ಟರ್ ತುಂಬಲು ಅದು ನೆರವಾಗಬಹುದು. ನಡುವೆ ಏನೇನು ಮಾಡಿ ನೋಡಿದಿರಿ ಅನ್ನುವುದನ್ನು ಮುಚ್ಚಿಡಬೇಡಿ, ಡಾಕ್ಟರ ಹತ್ತಿರ ಹೇಳಿದ ಹಾಗೆ ಹೇಳಿ.

ಡಿಸ್ಕ್ ಕೆಡದೆಯೂ ಡೇಟಾ ಹೋಗುವುದುಂಟು. 2021ರ ಜೂನ್‌ನಲ್ಲಿ ವೆಸ್ಟರ್ನ್ ಡಿಜಿಟಲ್‌ನ ಮೈ ಬುಕ್ ಲೈವ್ ಅನ್ನುವ ಹಳೆಯ ಡಬ್ಬಗಳಿಗೆ ಇಂಟರ್ನೆಟ್‌ನಿಂದಲೇ ಯಾರೋ ಫ್ಯಾಕ್ಟರಿ ರೀಸೆಟ್ ಕೊಟ್ಟರು. ಜನ ಬೆಳಗ್ಗೆ ಎದ್ದು ನೋಡಿದರೆ ಖಾಲಿ. ಕಂಪನಿ ಆ ಡಬ್ಬಗಳಿಗೆ 2015ರಿಂದಲೇ ಅಪ್‌ಡೇಟ್ ನಿಲ್ಲಿಸಿತ್ತು. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಅನ್ನುವ ರಾನ್ಸಮ್‌ವೇರ್ ಕ್ಯೂನ್ಯಾಪ್ ಡಬ್ಬಗಳಿಗೆ ನುಗ್ಗಿ ಫೈಲ್‌ಗಳಿಗೆ ಬೀಗ ಹಾಕಿ 0.03 ಬಿಟ್‌ಕಾಯಿನ್ ಕೇಳಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ನೆದರ್ಲೆಂಡ್ಸ್ ಪೊಲೀಸರು ದುಡ್ಡು ಕಳಿಸಿದಂತೆ ಮಾಡಿ, ಕೀಗಳನ್ನು ಪಡೆದು, ಪಾವತಿಯನ್ನು ಹಿಂದಕ್ಕೆ ಎಳೆದುಕೊಂಡು 155 ಕೀಗಳನ್ನು ಬಿಡಿಸಿದರು. ಬೀಗ ಬಿದ್ದ ಫೈಲ್ ಇನ್ನು ಯಾಕೆ ಅಂತ ಅಳಿಸಿದ್ದವರಿಗೆ ಆ ಕೀ ಸಿಕ್ಕಿದ್ದರೂ ಉಪಯೋಗ ಇರುತ್ತಿರಲಿಲ್ಲ. ಹಾಗಾಗಿ ಇಂಥದ್ದು ಆದರೆ ನೆಟ್‌ವರ್ಕ್ ಕೇಬಲ್ ಕಿತ್ತು, ಫೈಲ್‌ಗಳನ್ನು ಹಾಗೇ ಎತ್ತಿಡಿ.

ಕೈ ತಪ್ಪಿ ಅಳಿಸಿದ್ದಾದರೆ ಮೊದಲು ರೀಸೈಕಲ್ ಬಿನ್, ಆಮೇಲೆ ಸ್ನ್ಯಾಪ್‌ಶಾಟ್, ಅಂದರೆ ಡಬ್ಬ ಹಿಂದೆ ಉಳಿಸಿಟ್ಟ ಸ್ಥಿತಿ, ನೋಡಿ. ತಟ್ಟೆಯ ಬದಲು ಚಿಪ್‌ನಲ್ಲೇ ಡೇಟಾ ಇಡುವ ಎಸ್‌ಎಸ್‌ಡಿ ಇದ್ದು, ಅಳಿಸಿದ ಜಾಗವನ್ನು ಖಾಲಿ ಮಾಡಲು ಹೇಳುವ ಟ್ರಿಮ್ ಚಾಲೂ ಇದ್ದರೆ ಅಳಿಸಿದ ಫೈಲ್ ಬೇಗ ಪೂರ್ತಿ ಹೋಗಿಬಿಡುತ್ತದೆ, ತಡ ಮಾಡದೆ ಆಫ್ ಮಾಡಿ. ಡಬ್ಬದಲ್ಲಿ ಎನ್‌ಕ್ರಿಪ್ಷನ್ ಹಾಕಿದ್ದರೆ ಕೀ ಫೈಲ್ ಆ ಡಬ್ಬದಲ್ಲೇ ಇರಬಾರದು. ಈಗಲೇ, ಎಲ್ಲಾ ಚೆನ್ನಾಗಿರುವಾಗಲೇ, ಒಂದು ಪ್ರತಿ ಬೇರೆ ಕಡೆ ಇಡಿ. ಕೀ ಇಲ್ಲದಿದ್ದರೆ ಯಾವ ಲ್ಯಾಬೂ ಏನೂ ಮಾಡಲಾರದು.

ಸಾಗರದ ಡಬ್ಬದಿಂದ ಫೈಲ್‌ಗಳನ್ನು 8 ಟಿಬಿಯ ಹೊಸ ಡಿಸ್ಕ್‌ಗೆ ಇಳಿಸಲು ಒಂದು ದಿನ ಹಿಡಿಯಿತು. ಓದಲಾಗದ ಆ 3 ಎಂಬಿ ಎಲ್ಲಿ ಬಿದ್ದಿದೆ ಅಂತ ಮ್ಯಾಪ್ ಹಿಡಿದು ಹುಡುಕಿದೆವು. ಬಹುಪಾಲು ಖಾಲಿ ಜಾಗದಲ್ಲಿತ್ತು. ಉಳಿದದ್ದು 2019ರ ಒಂದು ಗೃಹಪ್ರವೇಶದ ನಾಲ್ಕು ಫೋಟೊ, ಒಂದು ವಿಡಿಯೊದ ಒಂದೆರಡು ಸೆಕೆಂಡ್. ಆ ನಾಲ್ಕು ಫೋಟೊಗಳು ಮೇ ತಿಂಗಳಿಗಿಂತ ಎಷ್ಟೋ ಹಿಂದಿನವು, ಆಮೇಲೆ ಯಾರೂ ಮುಟ್ಟಿರಲಿಲ್ಲ. ಅದಕ್ಕೇ ಬದಿಗೆ ಇಟ್ಟಿದ್ದ ಎರಡನೇ ಡಿಸ್ಕ್‌ನ ಇಮೇಜ್ ತಂದು, ನಾಲ್ಕನೆಯದರ ಬದಲು ಅದನ್ನು ಸೇರಿಸಿ, ಓದಲು ಮಾತ್ರ ತೆರೆದು ನೋಡಿದೆವು. ಹೊಸ ಮದುವೆಗಳ ಫೋಲ್ಡರ್‌ಗಳು ಅಲ್ಲಿ ಕಸ ಕಸವಾಗಿ ಕಂಡವು. 2019ರ ಆ ಫೋಲ್ಡರ್ ಮಾತ್ರ ತೆರೆಯಿತು. ಹೊಸ ಮನೆಯ ಒಲೆಯ ಮೇಲೆ ಉಕ್ಕುತ್ತಿರುವ ಹಾಲು, ಪಕ್ಕದಲ್ಲಿ ಬಾಗಿ ನೋಡುತ್ತಿರುವ ಅಜ್ಜಿ. ನಾಲ್ಕೂ ಫೋಟೊ ಬಂದವು.